ಹತ್ತು ಕೋಲು ನೆಲ, ನಾಲ್ಕು ಹೇಂಟೆ

1950ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕೋಳಿಗಳ ಬಗ್ಗೆ ಒಂದು ಮಾತನ್ನು ಕಾನೂನಿನಲ್ಲಿ ಬರೆಯಿತು. ಗೇಣಿಯ ಕರಾರಿನಲ್ಲಿ ಯಾವ ನಿರ್ಬಂಧವೇ ಇರಲಿ, ಅಲಾಟ್‌ಮೆಂಟ್ ತೋಟವನ್ನು ಹಿಡಿದವನು ಅಲ್ಲಿ ಹೇಂಟೆಗಳನ್ನೂ ಮೊಲಗಳನ್ನೂ ಸಾಕಬಹುದು, ಅವುಗಳಿಗಾಗಿ ಗೂಡನ್ನೂ ಕಟ್ಟಬಹುದು ಎಂಬುದೇ ಆ ಮಾತು. ಸಾಕಣೆ ವ್ಯಾಪಾರಕ್ಕಾಗಿ ಇರಕೂಡದು, ಆರೋಗ್ಯಕ್ಕೆ ಕುಂದಾಗಬಾರದು, ನೆರೆಯವರಿಗೆ ಉಪದ್ರವವಾಗಬಾರದು, ಅಷ್ಟೆ. ಹುಂಜಕ್ಕೆ ಮಾತ್ರ ಈ ರಕ್ಷಣೆ ದೊರೆಯಲಿಲ್ಲ. ಅದರ ಕೂಗು ಸಂತ ಪೇತ್ರರನ್ನು ಎಚ್ಚರಿಸಿತು, ನಿಜ. ಆದರೆ ಪಟ್ಟಣದ ನೆರೆಹೊರೆಯವರು ಮುಂಜಾನೆ ನಾಲ್ಕಕ್ಕೆ ಅಂಥ ಎಚ್ಚರವನ್ನು ಬಯಸುವುದಿಲ್ಲ.

ಒಂದು ದೇಶದ ಶಾಸನಸಭೆ ಬಡವನ ಕೋಳಿಗೂಡಿನ ಪರವಾಗಿ ನಿಲ್ಲಬೇಕಾಗಿ ಬಂದದ್ದೇಕೆ? ಇದನ್ನರಿಯಲು ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ಅಲಾಟ್‌ಮೆಂಟ್ ಎಂದರೆ ಮನೆಯ ಹಿತ್ತಲಲ್ಲ. ಹಿತ್ತಲಿಲ್ಲದ ಕುಟುಂಬಕ್ಕೆ ಊರಂಚಿನಲ್ಲಿ ಅಲ್ಪ ಗೇಣಿಗೆ ಕೊಡುವ ಒಂದು ತುಂಡು ನೆಲ. ಅದರ ವಾಡಿಕೆಯ ಅಳತೆ ಹತ್ತು ಕೋಲು, ಅಂದರೆ ಸುಮಾರು 250 ಚದರ ಮೀಟರು. ಆಲೂಗೆಡ್ಡೆ, ಈರುಳ್ಳಿ, ಕೋಸು, ಬೀನ್ಸ್ ಬೆಳೆದು ಒಂದು ಸಂಸಾರ ಉಣ್ಣಬಹುದಾದಷ್ಟು.

ಇಂಥ ತುಂಡು ನೆಲವನ್ನು ಯಾರಾದರೂ ದಯಪಾಲಿಸಬೇಕಾದ ಸ್ಥಿತಿ ಮೊದಲು ಇರಲಿಲ್ಲ. ನಮ್ಮ ಹಳ್ಳಿಗಳ ಗೋಮಾಳದಂತೆ ಇಂಗ್ಲೆಂಡಿನ ಹಳ್ಳಿಗಳಿಗೂ ಊರೊಟ್ಟಿನ ಬಯಲು ಇತ್ತು. ಕೂಲಿಯವನ ಹಸು ಅಲ್ಲಿ ಮೇಯುತ್ತಿತ್ತು, ಬಾತುಗಳು ಅಡ್ಡಾಡುತ್ತಿದ್ದವು, ಹೆಂಗಸರು ಸೌದೆ ತರುತ್ತಿದ್ದರು. ಸುಗ್ಗಿಯಾದ ಮೇಲೆ ಹೊಲಗಳಲ್ಲಿ ರೂತಳಂತೆ ಹಕ್ಕಲು ಆಯುತ್ತಿದ್ದರು. 1760ರಿಂದ 1870ರವರೆಗೆ ಸುಮಾರು ನಾಲ್ಕು ಸಾವಿರ ಕಾಯಿದೆಗಳ ಮೂಲಕ ಸುಮಾರು 70 ಲಕ್ಷ ಎಕರೆ ಭೂಮಿಗೆ ಬೇಲಿ ಬಿತ್ತು. ಹಕ್ಕುಪತ್ರ ಉಳ್ಳವರಿಗೆ ಪಾಲು ಸಿಕ್ಕಿತು. ಕೇವಲ ರೂಢಿಯನ್ನೇ ನಂಬಿದ್ದವರಿಗೆ ಬಹುಮಟ್ಟಿಗೆ ಏನೂ ಸಿಗಲಿಲ್ಲ. ಹಸು ಹೋಯಿತು, ಬಾತು ಹೋಯಿತು, ಕೂಲಿಯೊಂದೇ ಉಳಿಯಿತು.

ಇದನ್ನು ಪ್ರತಿಭಟಿಸಿದವರು ಇರಲಿಲ್ಲವೆಂದಲ್ಲ. ಬಹಳ ಮೊದಲೇ, 1649ರಲ್ಲಿ, ಜೆರಾರ್ಡ್ ವಿನ್‌ಸ್ಟನ್ಲಿ ಎಂಬಾತ ಕೆಲವರು ಬಡವರೊಡನೆ ಸರ್ರೆ ಪ್ರಾಂತದ ಸೇಂಟ್ ಜಾರ್ಜ್ ಗುಡ್ಡದ ಬಂಜರನ್ನು ಅಗೆದು ಕ್ಯಾರೆಟ್ಟು, ಬೀನ್ಸ್ ಬಿತ್ತಿದ್ದನು. ವರ್ಷ ತುಂಬುವಷ್ಟರಲ್ಲಿ ಅವರನ್ನು ಓಡಿಸಲಾಯಿತು. 1830ರಲ್ಲಿ ಕೆಂಟ್ ಪ್ರಾಂತದಿಂದ ಆರಂಭವಾಗಿ ದಕ್ಷಿಣದುದ್ದಕ್ಕೂ ಕೂಲಿಕಾರರು ಒಕ್ಕಣೆ ಯಂತ್ರಗಳನ್ನು ಮುರಿದರು, ಬಣವೆಗಳಿಗೆ ಬೆಂಕಿಯಿಟ್ಟರು. ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಲಾಯಿತು. ಸುಮಾರು ಐನೂರು ಜನರನ್ನು ಹಡಗು ಹತ್ತಿಸಿ ದೂರದ ವಸಾಹತುಗಳಿಗೆ ಸಾಗಿಸಲಾಯಿತು.

ಆ ಬೆಂಕಿಯ ಬೆಳಕಿನಲ್ಲಿ ಉಳ್ಳವರಿಗೆ ತುಂಡು ನೆಲದ ನೆನಪಾಯಿತು. ಜಮೀನುದಾರರೂ ಆಂಗ್ಲಿಕನ್ ಪಾದ್ರಿಗಳೂ ಕೂಲಿಕಾರರಿಗೆ ಅಲಾಟ್‌ಮೆಂಟ್‌ಗಳನ್ನು ಹಂಚತೊಡಗಿದರು. ಅವರಲ್ಲಿ ಮನಃಪೂರ್ವಕವಾಗಿ ಬಡವರ ಹಿತ ಬಯಸಿದವರು ಅನೇಕರಿದ್ದರು, ಅದನ್ನು ಅಲ್ಲಗಳೆಯಲಾಗದು. ಆದರೆ ನೆಲದ ಜೊತೆಗೆ ನಿಯಮಾವಳಿಯೂ ಬರುತ್ತಿತ್ತು. ಭಾನುವಾರ ಗುದ್ದಲಿ ಮುಟ್ಟಕೂಡದು. ಆರಾಧನೆಗೆ ತಪ್ಪದೆ ಬರಬೇಕು. ಕುಡಿದು ಸಿಕ್ಕಿಬಿದ್ದರೆ, ಅಪರಾಧ ಸಾಬೀತಾದರೆ ತೋಟ ಬಿಟ್ಟುಕೊಡಬೇಕು. ನೇಗಿಲು ಬಳಸದೆ ಗುದ್ದಲಿಯಿಂದಲೇ ಅಗೆಯಬೇಕೆಂಬ ಕಟ್ಟಳೆಯೂ ಅನೇಕ ಕಡೆ ಇತ್ತು. ಧರ್ಮಬೋಧಕನಾದ ನನಗೆ ಇದನ್ನು ಓದುವಾಗ ಮುಜುಗರವಾಗುತ್ತದೆ. ಆರಾಧನೆಗೆ ಜನ ಬರಲಿ ಎಂದು ನಾನೂ ಬಯಸುವವನೇ. ಆದರೆ ಆಲೂಗೆಡ್ಡೆ ಕೈತಪ್ಪೀತೆಂಬ ಭಯದಿಂದ ಮೊಣಕಾಲೂರಿದವನ ಪ್ರಾರ್ಥನೆಯನ್ನು ಏನೆಂದು ಕರೆಯೋಣ? ಕಿತ್ತುಕೊಂಡದ್ದರ ಒಂದು ಚೂರನ್ನು ಹಿಂದಿರುಗಿಸುವಾಗ ಅದಕ್ಕೆ ದಾನವೆಂಬ ಹೆಸರಿಟ್ಟದ್ದು ನನ್ನನ್ನು ಇನ್ನೂ ಹೆಚ್ಚಾಗಿ ಕಾಡುತ್ತದೆ.

ಎಷ್ಟು ಸಣ್ಣ ಚೂರು ಎಂಬುದನ್ನೂ ಹೇಳಿಬಿಡುತ್ತೇನೆ. ಬೇಲಿ ಹಾಕುವಾಗ ಭೂಹೀನರಿಗೂ ತೋಟದ ಜಾಗ ಮೀಸಲಿಡಬೇಕೆಂದು 1845ರ ಕಾಯಿದೆ ಹೇಳಿತು. ಅನಂತರದ ಕಾಲು ಶತಮಾನದಲ್ಲಿ ಬೇಲಿಯೊಳಗೆ ಹೋದದ್ದು ಆರು ಲಕ್ಷ ಎಕರೆಗೂ ಹೆಚ್ಚು. ಬಡವರ ತೋಟಗಳಿಗೆಂದು ಉಳಿದದ್ದು ಸುಮಾರು 2,200 ಎಕರೆ.

ಹಳ್ಳಿಯ ಕೂಲಿಯವರಿಗೆ 1884ರಲ್ಲಿ ಮತದಾನದ ಹಕ್ಕು ಬಂದ ಮೇಲೆ ಸ್ವರ ಬದಲಾಯಿತು. 1887ರಲ್ಲಿ ಅಲಾಟ್‌ಮೆಂಟ್ ಕಾಯಿದೆ ಬಂದಿತು. 1908ರ ಕಾಯಿದೆಯ ಪ್ರಕಾರ ಊರಿನ ಆರು ಮಂದಿ ಮತದಾರರೋ ತೆರಿಗೆದಾರರೋ ಕೂಡಿ ಬರೆದು ಕೊಟ್ಟರೆ ಸ್ಥಳೀಯ ಆಡಳಿತ ಅದನ್ನು ಪರಿಗಣಿಸಲೇಬೇಕು. ಬೇಡಿಕೆ ಇರುವಲ್ಲಿ ನೆಲ ಒದಗಿಸುವುದು ಅದರ ಕರ್ತವ್ಯ. ಜಮೀನುದಾರನ ಮುಂದೆ ಟೋಪಿ ತೆಗೆದು ನಿಲ್ಲಬೇಕಾಗಿಲ್ಲ, ಪಾದ್ರಿಯ ಶಿಫಾರಸು ಬೇಕಾಗಿಲ್ಲ.

ಇದೇ ಕಾಲದಲ್ಲಿ ಕಡಲಾಚೆಯ ಫ್ರಾನ್ಸಿನಲ್ಲಿ ಕಥೋಲಿಕ ಗುರುಗಳೊಬ್ಬರು ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರು. ಜೂಲ್ ಲೆಮಿರ್ (1853–1928) ಉತ್ತರ ಫ್ರಾನ್ಸಿನ ಆಜ್‌ಬ್ರೂಕ್ ಕ್ಷೇತ್ರದಿಂದ 1893ರಲ್ಲಿ ಸಂಸತ್ತಿಗೆ ಆರಿಸಿ ಬಂದವರು. ಅದೇ ವರ್ಷದ ಡಿಸೆಂಬರಿನಲ್ಲಿ ಸದನದೊಳಗೆ ಬಾಂಬು ಸಿಡಿದು ಗಾಯಗೊಂಡವರಲ್ಲಿ ಅವರೂ ಒಬ್ಬರು. ಜಗದ್ಗುರು 13ನೇ ಲಿಯೋರವರು 1891ರ ‘ರೇರುಮ್ ನೊವಾರುಮ್’ ಪರಿಪತ್ರದಲ್ಲಿ ದುಡಿಯುವವನಿಗೂ ನೆಲದ ಒಡೆತನದ ಆಸೆ ನ್ಯಾಯವಾದದ್ದೆಂದು ಬೋಧಿಸಿದ್ದರು. ಲೆಮಿರ್ 1896ರಲ್ಲಿ ಕಾರ್ಮಿಕ ಕುಟುಂಬಗಳಿಗೆ ಕೈತೋಟ ಒದಗಿಸಲು ಒಂದು ಸಂಘವನ್ನೇ ಸ್ಥಾಪಿಸಿದರು. ಅವರಿಗಿಂತ ಮೊದಲೇ ಸೆಡಾನಿನಲ್ಲಿ ಫೆಲಿಸಿ ಎರ್ವ್ಯೂ ಎಂಬ ಮಹಿಳೆಯೂ, ಸೇಂತ್-ಎತಿಯೆನ್ನಿನ ಗಣಿ ಕೆಲಸಗಾರರ ನಡುವೆ ಯೇಸುಸಭೆಯ ವೊಲ್ಪೆತ್ ಗುರುಗಳೂ ದಾರಿ ತೋರಿದ್ದರು. ಲೆಮಿರ್‌ರವರ ಬಾಳು ಸುಗಮವಾಗಿರಲಿಲ್ಲ. ಧರ್ಮಾಧ್ಯಕ್ಷರ ನಿಷೇಧವನ್ನು ಮೀರಿ ಚುನಾವಣೆಗೆ ನಿಂತ ಕಾರಣ 1914ರಲ್ಲಿ ಅವರ ಗುರುತ್ವದ ಅಧಿಕಾರಗಳನ್ನು ಅಮಾನತುಗೊಳಿಸಲಾಯಿತು. 1916ರಲ್ಲಿ ಜಗದ್ಗುರು 15ನೇ ಬೆನೆಡಿಕ್ಟ್‌ರವರು ಅದನ್ನು ತೆಗೆದುಹಾಕಿದರು. ವಿಧೇಯತೆಯ ಪ್ರಶ್ನೆಯಲ್ಲಿ ನಾನು ಅವರ ಪರ ವಾದಿಸಲಾರೆ. ಆದರೆ ಅವರ ತೋಟಗಳು ಉಳಿದವು, ಬೆಳೆದವು.

ಮರಳಿ ಇಂಗ್ಲೆಂಡಿಗೆ ಬರೋಣ. ಮೊದಲ ಮಹಾಯುದ್ಧದ ಕೊನೆಯ ವೇಳೆಗೆ ಅಲ್ಲಿ ಸುಮಾರು 15 ಲಕ್ಷ ತೋಟಗಳಿದ್ದವು. ಎರಡನೆಯ ಯುದ್ಧದಲ್ಲಿ ಲಂಡನ್ ಗೋಪುರದ ಕಂದಕದಲ್ಲೂ ತರಕಾರಿ ಬೆಳೆದರು. ಕೋಳಿಗೆ ನಿಜವಾದ ಗೌರವ ಬಂದದ್ದು ಆಗ. 1941ರಲ್ಲಿ ಮೊಟ್ಟೆ ಪಡಿತರಕ್ಕೆ ಒಳಪಟ್ಟಿತು: ತಲೆಗೆ ವಾರಕ್ಕೆ ಒಂದು, ಅದೂ ಸಿಕ್ಕರೆ. ಮನೆಯಲ್ಲೇ ಕೋಳಿ ಸಾಕುವವರು ತಮ್ಮ ಮೊಟ್ಟೆಯ ಪಡಿತರವನ್ನು ಬಿಟ್ಟುಕೊಟ್ಟು ಅದರ ಬದಲಿಗೆ ಕೋಳಿಯ ಮೇವಿನ ಹಿಟ್ಟನ್ನು ಪಡೆಯಬಹುದಿತ್ತು. ಆಲೂಗೆಡ್ಡೆಯ ಸಿಪ್ಪೆ, ಕೋಸಿನ ಹೊರಗಿನ ಎಲೆ, ತಟ್ಟೆಯಲ್ಲಿ ಉಳಿದ ಚೂರುಪಾರು ಎಲ್ಲವನ್ನೂ ಬೇಯಿಸಿ ಆ ಹಿಟ್ಟಿನೊಡನೆ ಕಲಸಿ ಹಾಕುತ್ತಿದ್ದರು. ತೋಟದ ಕಳೆ ಕೋಳಿಗೆ, ಕೋಳಿಯ ಗೊಬ್ಬರ ತೋಟಕ್ಕೆ. ನಮ್ಮ ತಾಯಂದಿರಿಗೆ ಇದರಲ್ಲಿ ಹೊಸತೇನೂ ಕಾಣದು. ಆದರೆ ಹಿತ್ತಲ ಕೋಳಿಗಳನ್ನು ತಲೆಮಾರುಗಳ ಹಿಂದೆಯೇ ಕಳೆದುಕೊಂಡಿದ್ದ ಪಟ್ಟಣದ ಜನರಿಗೆ ಅದು ಮರಳಿ ಕಲಿತ ವಿದ್ಯೆ.

ಯುದ್ಧ ಮುಗಿದರೂ ಪಡಿತರ ಮುಗಿದಿರಲಿಲ್ಲ. ಮೊಟ್ಟೆ ಅದರಿಂದ ಬಿಡುಗಡೆಯಾದದ್ದು 1953ರಲ್ಲಿ. 1950ರ ಕಾಯಿದೆ ಬಂದದ್ದು ಈ ನಡುವೆ. ಆರಾಧನೆಗೆ ಬಾರದವನ ನೆಲವನ್ನು ಹಿಂದಕ್ಕೆ ಪಡೆಯುತ್ತಿದ್ದ ಹಳೆಯ ಕರಾರುಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ನಡೆದ ದೂರ ತಿಳಿಯುತ್ತದೆ: ಇಲ್ಲಿ ಕರಾರಿಗಿಂತ ಕೋಳಿಗೂಡು ಮೇಲಾಯಿತು.

ಆ ಮೇಲೆ ಸೂಪರ್ ಮಾರ್ಕೆಟ್ಟುಗಳು ಬಂದವು, ಎಷ್ಟೋ ತೋಟಗಳ ಮೇಲೆ ಮನೆಗಳೆದ್ದವು. ಉಳಿದ ತೋಟಗಳಿಗಾಗಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರು ಅನೇಕ ಊರುಗಳಲ್ಲಿದ್ದಾರೆ. ಹಕ್ಕಿಜ್ವರದ ಹಾವಳಿಯಿಂದಾಗಿ 2022ರ ನವೆಂಬರಿನಲ್ಲಿ ಇಂಗ್ಲೆಂಡಿನ ಸಾಕುಕೋಳಿಗಳೆಲ್ಲ ಗೂಡಿನೊಳಗೇ ಇರಬೇಕಾಯಿತು. 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಒಂದೇ ಒಂದು ಹೇಂಟೆ ಇದ್ದರೂ ಅದನ್ನು ಸರ್ಕಾರದಲ್ಲಿ ನೋಂದಾಯಿಸಬೇಕು. ನೋಂದಣಿಗೆ ಶುಲ್ಕವಿಲ್ಲ.