ನಿರ್ವಾತ ವ್ಯವಸ್ಥೆಯ ತಂತ್ರಾಂಶ: ಪೂರ್ವನಿಗದಿತ ಮೌಲ್ಯಗಳನ್ನು ಹೊಂದಿಸುವ ಬಗೆ

ಗಾಳಿಯೇ ಇಲ್ಲದ ಸ್ಥಳಕ್ಕೆ ನಿರ್ವಾತವೆಂದು ಹೆಸರು ಎಂಬುದನ್ನು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಎಂಜಿನಿಯರುಗಳ ಪಾಲಿಗೆ ಮಾತ್ರ ನಿರ್ವಾತವೆಂದರೆ ಒಂದು ಅಂಕಿ. ಪಂಪುಗಳು ಎಳೆದಷ್ಟೂ ಎಳೆದ ಮೇಲೆ ಕೊಠಡಿಯೊಳಗೆ ಇನ್ನೂ ಎಷ್ಟು ಅನಿಲ ಉಳಿದಿದೆ ಎಂಬುದರ ಅಳತೆ. ಕನ್ನಡಕದ ಗಾಜಿಗೆ ಲೇಪನ ಕೊಡುವ ಯಂತ್ರಕ್ಕೂ, ಗಣಕದ ಚಿಪ್ ತಯಾರಿಸುವ ಕಾರ್ಖಾನೆಗೂ ನಿರ್ವಾತ ಬೇಕು. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಉಪಗ್ರಹಗಳನ್ನು ಉಡಾವಣೆಗೆ ಮೊದಲು ಉಷ್ಣ-ನಿರ್ವಾತ ಕೊಠಡಿಯಲ್ಲಿಟ್ಟು ಪರೀಕ್ಷಿಸಲಾಗುತ್ತದೆ. ಜಿನೀವಾ ಸಮೀಪದ ಸರ್ನ್ ಪ್ರಯೋಗಾಲಯದ 27 ಕಿಲೋಮೀಟರ್ ಸುತ್ತಳತೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನಲ್ಲಿ ಪ್ರೋಟಾನುಗಳು ಓಡುವ ಕೊಳವೆಯ ಒತ್ತಡ 10⁻¹⁰ ಮಿಲಿಬಾರಿನ ಆಸುಪಾಸಿನಲ್ಲಿರುತ್ತದೆ. ವಾಯುಮಂಡಲದ ಒತ್ತಡ ಸುಮಾರು 1000 ಮಿಲಿಬಾರ್ ಎಂಬುದನ್ನು ನೆನೆದರೆ ಈ ಅಂಕಿಯ ಅಗಾಧತೆ ಅರಿವಿಗೆ ಬಂದೀತು.

ಇಂಥ ವ್ಯವಸ್ಥೆಯನ್ನು ಕಟ್ಟುವವರು ಮೊದಲು ಅದರ ಪ್ರತಿರೂಪವನ್ನು ಗಣಕದಲ್ಲಿ ರಚಿಸಿ ಲೆಕ್ಕ ಹಾಕುತ್ತಾರೆ. ಎಷ್ಟು ಪಂಪು ಬೇಕು, ಅವನ್ನು ಎಲ್ಲಿ ಕೂರಿಸಬೇಕು, ಕೊಳವೆಯ ವ್ಯಾಸ ಎಷ್ಟಿರಬೇಕು ಎಂಬುದೆಲ್ಲ ಆ ಲೆಕ್ಕದಿಂದಲೇ ನಿರ್ಧಾರವಾಗುತ್ತದೆ. ಉಕ್ಕನ್ನು ಬೆಸುಗೆ ಹಾಕಿದ ಮೇಲೆ ಪಂಪಿನ ಬಾಯಿಯನ್ನು ಹಿಗ್ಗಿಸಲಾಗದು. ಆದ್ದರಿಂದ ತಂತ್ರಾಂಶದ ಉತ್ತರ ಎಷ್ಟರಮಟ್ಟಿಗೆ ನಂಬಲರ್ಹ ಎಂಬ ಪ್ರಶ್ನೆ ಇಲ್ಲಿ ನೇರವಾಗಿ ಹಣದ ಪ್ರಶ್ನೆಯೂ ಹೌದು. ಆ ನಂಬಿಕೆ ಬಹುಮಟ್ಟಿಗೆ ನಿಂತಿರುವುದು ಬಳಕೆದಾರ ತಾನಾಗಿ ತುಂಬದ ಅಂಕಿಗಳ ಮೇಲೆ. ಬಳಕೆದಾರ ಏನನ್ನೂ ಹೇಳದಿದ್ದಾಗ ತಂತ್ರಾಂಶ ತಾನೇ ಇಟ್ಟುಕೊಳ್ಳುವ ಅಂಕಿಗಳಿಗೆ ಡೀಫಾಲ್ಟ್, ಅಂದರೆ ಪೂರ್ವನಿಗದಿತ ಮೌಲ್ಯಗಳು ಎನ್ನುತ್ತಾರೆ.

ಈ ಕ್ಷೇತ್ರದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಮಾಲ್‌ಫ್ಲೋ ಎಂಬ ತಂತ್ರಾಂಶವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಇದರ ಮೂಲ ಕರ್ತೃ ರಾಬರ್ಟೋ ಕೆರ್ಸೆವಾನ್. ಇದರ ಬಳಕೆಯ ಕೈಪಿಡಿ 1991ರಲ್ಲಿ ಇಟಲಿಯ ಟ್ರಿಯೆಸ್ಟ್ ನಗರದ ಸಿಂಕ್ರೋಟ್ರಾನ್ ಸಂಸ್ಥೆಯ ತಾಂತ್ರಿಕ ವರದಿಯಾಗಿ ಹೊರಬಂತು. ಜಾನ್-ಲುಕ್ ಪೋನ್ಸ್ ಅವರೊಡನೆ ಕೆರ್ಸೆವಾನ್ ರೂಪಿಸಿದ ಹೊಸ ಆವೃತ್ತಿ 2009ರಲ್ಲಿ ವಿದ್ವತ್ ಪತ್ರಿಕೆಯಲ್ಲಿ ಪರಿಚಯಗೊಂಡಿತು. ಅನಂತರ ಸರ್ನ್‌ನಲ್ಲಿ ಮಾರ್ಟನ್ ಆಡಿ ಅದನ್ನು ಬೆಳೆಸಿದರು. ಸರ್ನ್ ಇದನ್ನು ಉಚಿತವಾಗಿ ವಿತರಿಸುತ್ತದೆ.

ಕೆಲಸ ಮಾಡುವ ರೀತಿ

ಒತ್ತಡ ತೀರ ಕಡಿಮೆಯಾದಾಗ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಅಪರೂಪ; ಅವು ಗೋಡೆಯಿಂದ ಗೋಡೆಗೆ ಹಾರುತ್ತಿರುತ್ತವೆ. 10⁻³ ಮಿಲಿಬಾರ್ ಒತ್ತಡದಲ್ಲಿ ಗಾಳಿಯ ಅಣುವೊಂದು ಇನ್ನೊಂದಕ್ಕೆ ತಗಲುವ ಮುನ್ನ ಸರಾಸರಿ ಆರೇಳು ಸೆಂಟಿಮೀಟರ್ ಸಾಗುತ್ತದೆ. 10⁻⁶ ಮಿಲಿಬಾರಿನಲ್ಲಿ ಅರುವತ್ತು ಮೀಟರಿಗೂ ಹೆಚ್ಚು. ಮಾಲ್‌ಫ್ಲೋ ಮಾಂಟೆ ಕಾರ್ಲೋ ವಿಧಾನದಿಂದ ಕಲ್ಪಿತ ಅಣುಗಳನ್ನು ಒಂದೊಂದಾಗಿ ಗೋಡೆಯಿಂದ ಹೊರಡಿಸಿ, ಅವು ಎಲ್ಲಿ ಬಡಿಯುತ್ತವೆ, ಎಲ್ಲಿ ಪಂಪಿನ ಪಾಲಾಗುತ್ತವೆ ಎಂದು ಎಣಿಸುತ್ತದೆ. ಅಣುಗಳ ಪರಸ್ಪರ ಡಿಕ್ಕಿ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಒತ್ತಡ ಹೆಚ್ಚಿರುವ ಆರಂಭದ ಹಂತಕ್ಕೆ ಇದು ಸಲ್ಲದು. ಒತ್ತಡ ಎಷ್ಟೇ ಏರಿದರೂ ತಂತ್ರಾಂಶ ಉತ್ತರ ಕೊಡುತ್ತಲೇ ಹೋಗುತ್ತದೆ ಎಂಬುದು ಹೊಸಬರು ನೆನಪಿಡಬೇಕಾದ ಸಂಗತಿ.

ಗೋಡೆಯ ಪ್ರತಿಯೊಂದು ಚಪ್ಪಟೆ ತುಂಡನ್ನು ಇಲ್ಲಿ ಫ್ಯಾಸೆಟ್ ಎನ್ನುತ್ತಾರೆ. ಹೊಸದಾಗಿ ಸೃಷ್ಟಿಯಾದ ಫ್ಯಾಸೆಟ್ ಕೆಲವು ಗುಣಗಳನ್ನು ಹೊತ್ತೇ ಬರುತ್ತದೆ: ಉಷ್ಣತೆ 293.15 ಕೆಲ್ವಿನ್, ಅಂದರೆ 20 ಡಿಗ್ರಿ ಸೆಲ್ಸಿಯಸ್. ಅಂಟು ಗುಣಾಂಕ ಸೊನ್ನೆ, ಅಂದರೆ ಬಡಿದ ಅಣುವೆಲ್ಲ ಮರಳುತ್ತದೆ. ಅನಿಲ ಸೂಸುವಿಕೆ ಇಲ್ಲ. ಬಡಿದ ಅಣು ಲ್ಯಾಂಬರ್ಟನ ಕೊಸೈನ್ ನಿಯಮದಂತೆ ಎಲ್ಲ ದಿಕ್ಕಿಗೂ ಚದುರುತ್ತದೆ. ಇಡೀ ಮಾದರಿಗೆ ಅನ್ವಯಿಸುವ ಅನಿಲದ ಅಣುತೂಕ 28, ಅಂದರೆ ನೈಟ್ರೋಜನ್.

ಇವುಗಳಲ್ಲಿ ಎರಡು ಜಾತಿಗಳಿವೆ. ಸೂಸುವಿಕೆ ಎಲ್ಲಿಯೂ ಇಲ್ಲದಿದ್ದರೆ ಲೆಕ್ಕ ಆರಂಭವಾಗುವುದೇ ಇಲ್ಲ. ಅಂಟು ಗುಣಾಂಕ ಎಲ್ಲೆಡೆಯೂ ಸೊನ್ನೆಯಾಗಿ ಉಳಿದರೆ ಅಣುಗಳು ಹೊರಹೋಗಲು ದಾರಿಯಿಲ್ಲದೆ ಕೊನೆಯಿಲ್ಲದಂತೆ ಪುಟಿಯುತ್ತಿರುತ್ತವೆ. ಇಂಥ ತಪ್ಪು ತಾನೇ ಬಯಲಾಗುತ್ತದೆ. ಕೇಡು ಇರುವುದು ಸದ್ದಿಲ್ಲದ ಮೌಲ್ಯಗಳಲ್ಲಿ. ಅಣುತೂಕವನ್ನಾಗಲಿ ಉಷ್ಣತೆಯನ್ನಾಗಲಿ ಮುಟ್ಟದೆ ಬಿಟ್ಟರೂ ಲೆಕ್ಕ ಸುಗಮವಾಗಿ ಸಾಗಿ, ಪರದೆಯ ಮೇಲೆ ಅಂದವಾದ ಬಣ್ಣದ ಚಿತ್ರ ಮೂಡುತ್ತದೆ.

ಅನಿಲ ಯಾವುದು?

ಸ್ಟೇನ್‌ಲೆಸ್ ಸ್ಟೀಲಿನ ಕೊಠಡಿಯನ್ನು ಕಾಯಿಸದೆ ಹಾಗೆಯೇ ಪಂಪು ಮಾಡಿದರೆ ಗೋಡೆಯಿಂದ ಹೊರಬರುವುದು ಮುಖ್ಯವಾಗಿ ನೀರಾವಿ. ಹತ್ತು ಗಂಟೆ ಪಂಪು ಮಾಡಿದ ಮೇಲೆ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 3×10⁻¹⁰ ಮಿಲಿಬಾರ್-ಲೀಟರ್ ಸೂಸುವಿಕೆ ಎಂಬುದು ರೂಢಿಯ ಅಂದಾಜು. 150ರಿಂದ 200 ಡಿಗ್ರಿಯಲ್ಲಿ ಒಂದು ದಿನ ಕಾಯಿಸಿದರೆ ನೀರು ಹೋಗಿ ಹೈಡ್ರೋಜನ್ ಉಳಿಯುತ್ತದೆ. ಸೂಸುವಿಕೆ ಸುಮಾರು ನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಎರಡೂ ಸಂದರ್ಭಗಳಲ್ಲಿ ನೈಟ್ರೋಜನ್ ಪ್ರಧಾನ ಅನಿಲವಲ್ಲ. ಆದರೂ ತಂತ್ರಾಂಶದ ಪೂರ್ವನಿಗದಿತ ಅನಿಲ ಅದೇ. ಪಂಪು ತಯಾರಕರು ತಮ್ಮ ವೇಗವನ್ನು ಸಾಮಾನ್ಯವಾಗಿ ನೈಟ್ರೋಜನ್‌ಗೇ ಘೋಷಿಸುವುದರಿಂದ ಈ ಆಯ್ಕೆ ಅಸಹಜವೇನೂ ಅಲ್ಲ.

ಅಣುತೂಕ ಬದಲಾದರೆ ಅಣುವಿನ ಸರಾಸರಿ ವೇಗ ಬದಲಾಗುತ್ತದೆ. 20 ಡಿಗ್ರಿಯಲ್ಲಿ ನೈಟ್ರೋಜನ್ ಅಣು ಸೆಕೆಂಡಿಗೆ ಸುಮಾರು 470 ಮೀಟರ್ ಓಡಿದರೆ ಹೈಡ್ರೋಜನ್ ಅಣು ಸುಮಾರು 1750 ಮೀಟರ್ ಓಡುತ್ತದೆ. ಇದರಿಂದಾಗಿ ಒಂದು ಚದರ ಸೆಂಟಿಮೀಟರ್ ರಂಧ್ರದ ಮೂಲಕ ಸೆಕೆಂಡಿಗೆ ನೈಟ್ರೋಜನ್ 11.8 ಲೀಟರ್ ಹೋದರೆ ಹೈಡ್ರೋಜನ್ 44 ಲೀಟರ್ ಹೋಗಬಲ್ಲದು. ಪಂಪಿನ ಬಾಯಿಗೆ ತಂತ್ರಾಂಶ ನೆನಪಿಟ್ಟುಕೊಳ್ಳುವುದು ಪಂಪಿನ ವೇಗವನ್ನಲ್ಲ, ಅಂಟು ಗುಣಾಂಕವನ್ನು ಎಂಬುದನ್ನು ಇಲ್ಲಿ ಅಗತ್ಯವಾಗಿ ಗಮನಿಸಬೇಕು. ಬಳಕೆದಾರ ವೇಗವನ್ನು ತುಂಬಿದರೆ ಅದನ್ನು ಆ ಕ್ಷಣದ ಅಣುತೂಕ ಹಾಗೂ ಉಷ್ಣತೆಗೆ ತಕ್ಕ ಗುಣಾಂಕವಾಗಿ ಪರಿವರ್ತಿಸಿ ಇಡಲಾಗುತ್ತದೆ.

ಒಂದು ಲೆಕ್ಕ ನೋಡೋಣ. ಒಳಮೈ ಒಂದು ಚದರ ಮೀಟರ್ ಇರುವ, ಕಾಯಿಸಿದ ಕೊಠಡಿ. ಅದಕ್ಕೆ 10 ಸೆಂಟಿಮೀಟರ್ ವ್ಯಾಸದ ಬಾಯಿಯಲ್ಲಿ ಸೆಕೆಂಡಿಗೆ 200 ಲೀಟರ್ ಎಳೆಯುವ ಪಂಪು. ಬಾಯಿಯ ವಿಸ್ತೀರ್ಣ 78.5 ಚದರ ಸೆಂಟಿಮೀಟರ್. ಅಣುತೂಕ 28 ಇರುವಾಗ 200 ಎಂದು ತುಂಬಿದರೆ ಗುಣಾಂಕ 0.216 ಆಗುತ್ತದೆ. ಬಳಿಕ ಹೈಡ್ರೋಜನ್ ನೆನಪಾಗಿ ಅಣುತೂಕವನ್ನು 2ಕ್ಕೆ ಇಳಿಸಿದರೆ ಗುಣಾಂಕ ಹಾಗೆಯೇ ಉಳಿಯುತ್ತದೆ. ಪಂಪಿನ ವೇಗ ಮಾತ್ರ ಸೆಕೆಂಡಿಗೆ 745 ಲೀಟರಿಗೆ ಜಿಗಿಯುತ್ತದೆ! ನಿಜವಾದ ಟರ್ಬೋಮಾಲೆಕ್ಯುಲರ್ ಪಂಪು ಹೈಡ್ರೋಜನ್ನನ್ನು ಅಷ್ಟು ವೇಗವಾಗಿ ಎಳೆಯದು. ಅದರ ವೇಗ ನೈಟ್ರೋಜನ್ ವೇಗದ ಆಸುಪಾಸಿನಲ್ಲಿ, ಅನೇಕ ವೇಳೆ ಅದಕ್ಕಿಂತ ಕಡಿಮೆಯೇ ಇರುತ್ತದೆ. ಹೈಡ್ರೋಜನ್ನಿಗೂ 200 ಲೀಟರ್ ಎಂದೇ ಇಟ್ಟುಕೊಂಡರೆ ಒತ್ತಡ 1.5×10⁻¹⁰ ಮಿಲಿಬಾರ್ ಆಗಬೇಕು. ಮಾದರಿ ತೋರಿಸುವುದು 4×10⁻¹¹. ಗ್ರಾಹಕ ಕೇಳಿದ್ದು 10⁻¹⁰ ಎಂದಾದರೆ ಗಣಕದಲ್ಲಿ ಉತ್ತೀರ್ಣವಾದ ಕೊಠಡಿ ಪ್ರಯೋಗಾಲಯದಲ್ಲಿ ಅನುತ್ತೀರ್ಣ.

ಅಣುತೂಕವನ್ನು ಮುಟ್ಟದೆಯೇ ಬಿಟ್ಟರೆ ತಪ್ಪು ಇನ್ನೊಂದು ದಿಕ್ಕಿಗೆ ವಾಲುತ್ತದೆ. ಪಂಪಿನ ಬಾಯಿಯಲ್ಲಿ ಒತ್ತಡ ಸರಿಯಾಗಿಯೇ ಬರಬಹುದು, ಆದರೆ ಉದ್ದನೆಯ ಕೊಳವೆ ಹೈಡ್ರೋಜನ್ನನ್ನು ನೈಟ್ರೋಜನ್‌ಗಿಂತ 3.7 ಪಟ್ಟು ಸುಲಭವಾಗಿ ಸಾಗಿಸುತ್ತದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಆಗ ಕೊಳವೆಯ ದೂರದ ತುದಿಯಲ್ಲಿ ಇಲ್ಲದ ಒತ್ತಡ ಕಾಣಿಸಿ, ಬೇಡದ ಪಂಪುಗಳಿಗೆ ಹಣ ಸುರಿಯಬೇಕಾದೀತು. ಆದಕಾರಣ ಕ್ರಮ ಮುಖ್ಯ: ಮೊದಲು ಅಣುತೂಕ, ಬಳಿಕ ಉಷ್ಣತೆ, ಕೊನೆಗೆ ಆ ಅನಿಲಕ್ಕೆ ತಯಾರಕರು ಕೊಟ್ಟಿರುವ ಪಂಪಿನ ವೇಗ. ಅನಿಲಗಳ ಮಿಶ್ರಣವಿದ್ದರೆ ಒಂದೊಂದಕ್ಕೂ ಪ್ರತ್ಯೇಕವಾಗಿ ಲೆಕ್ಕ ನಡೆಸಿ ಒತ್ತಡಗಳನ್ನು ಕೂಡಿಸಬೇಕು. ಅಣುಗಳು ಪರಸ್ಪರ ತಾಕದ ಸ್ಥಿತಿಯಲ್ಲಿ ಈ ಕೂಡಿಕೆ ನ್ಯಾಯವೇ.

ಉಷ್ಣತೆ

ಉಪಗ್ರಹ ಪರೀಕ್ಷೆಯ ಕೊಠಡಿಗಳಲ್ಲಿ ಅಂತರಿಕ್ಷದ ಚಳಿಯನ್ನು ಅನುಕರಿಸಲು ಒಳಹೊದಿಕೆಯನ್ನು ದ್ರವ ನೈಟ್ರೋಜನ್ನಿನಿಂದ ತಂಪಾಗಿಸುವ ಪದ್ಧತಿಯಿದೆ. ದ್ರವ ನೈಟ್ರೋಜನ್ ಕುದಿಯುವುದು 77 ಕೆಲ್ವಿನ್‌ನಲ್ಲಿ. ಅಂಥ ಗೋಡೆಯ ನಡುವಿನ ತಂಪು ಭಾಗದ ಒತ್ತಡ, ಕೊಳವೆಯ ಹೊರತುದಿಯಲ್ಲಿ ಕೋಣೆಯ ಉಷ್ಣತೆಯಲ್ಲಿರುವ ಮಾಪಕ ತೋರಿಸುವ ಒತ್ತಡದ ಸುಮಾರು ಅರ್ಧದಷ್ಟಿರುತ್ತದೆ. ಅನುಪಾತ ಉಷ್ಣತೆಗಳ ವರ್ಗಮೂಲದಂತೆ. ಗೋಡೆಗಳನ್ನೆಲ್ಲ 293.15ರಲ್ಲೇ ಬಿಟ್ಟ ಮಾದರಿಗೆ ಈ ವ್ಯತ್ಯಾಸ ಗೊತ್ತೇ ಇರುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಸೂಸುವಿಕೆಯನ್ನು ಮಿಲಿಬಾರ್-ಲೀಟರುಗಳಲ್ಲಿ ಕೊಟ್ಟಾಗ ತಂತ್ರಾಂಶ ಅದನ್ನು ಆ ಫ್ಯಾಸೆಟ್ಟಿನ ಉಷ್ಣತೆಯ ಆಧಾರದ ಮೇಲೆ ಅಣುಗಳ ಸಂಖ್ಯೆಗೆ ಪರಿವರ್ತಿಸುತ್ತದೆ. 77 ಕೆಲ್ವಿನ್‌ನಲ್ಲಿ ಅದೇ ಅಂಕಿಗೆ 3.8 ಪಟ್ಟು ಹೆಚ್ಚು ಅಣುಗಳಾಗುತ್ತವೆ. ಕೋಷ್ಟಕಗಳ ಅಂಕಿಗಳಾದರೋ ಸಾಮಾನ್ಯವಾಗಿ ಕೋಣೆಯ ಉಷ್ಣತೆಯವು. ಅವನ್ನು ಹಾಗೆಯೇ ತಂಪು ಗೋಡೆಗೆ ತುಂಬುವುದು ಸರಿಯಲ್ಲ.

ಆಕಾರ ಮತ್ತು ಅಳತೆ

ಕೊಠಡಿಯ ಆಕಾರವನ್ನು ಬಹುತೇಕರು ಬೇರೊಂದು ವಿನ್ಯಾಸ ತಂತ್ರಾಂಶದಲ್ಲಿ ರಚಿಸಿ ಎಸ್‌ಟಿಎಲ್ ಕಡತದ ಮೂಲಕ ತರುತ್ತಾರೆ. ಈ ಬಗೆಯ ಕಡತದಲ್ಲಿ ಅಳತೆಯ ಏಕಮಾನ ಇರುವುದಿಲ್ಲ. ಮಾಲ್‌ಫ್ಲೋ ಎಣಿಸುವುದು ಸೆಂಟಿಮೀಟರಿನಲ್ಲಿ, ಯಂತ್ರ ವಿನ್ಯಾಸಕರು ಚಿತ್ರಿಸುವುದು ಮಿಲಿಮೀಟರಿನಲ್ಲಿ. ಆಮದು ಮಾಡುವಾಗ ಕೇಳುವ ಪ್ರಶ್ನೆಗೆ ಓದದೆ ಒಪ್ಪಿಗೆ ಒತ್ತಿದರೆ ಹತ್ತು ಪಟ್ಟು ದೊಡ್ಡ ಕೊಠಡಿ, ನೂರು ಪಟ್ಟು ದೊಡ್ಡ ಮೇಲ್ಮೈ ಸಿದ್ಧವಾಗುತ್ತದೆ. ಫ್ಯಾಸೆಟ್ಟುಗಳ ಮುಖ ಒಳಗಡೆಗೆ ತಿರುಗಿದೆಯೇ ಎಂದೂ ನೋಡಬೇಕು. ಪೂರ್ವನಿಗದಿತ ಫ್ಯಾಸೆಟ್ಟಿಗೆ ಕೆಲಸ ಮಾಡುವ ಮುಖ ಒಂದೇ.

ಸೆಟ್ಟಿಂಗುಗಳು ಉಳಿಯುವ ಜಾಗವೂ ಗೊಂದಲಕ್ಕೆ ಕಾರಣ. ಗ್ಲೋಬಲ್ ಸೆಟ್ಟಿಂಗ್ಸ್ ಎಂಬ ಒಂದೇ ಕಿಟಕಿಯಲ್ಲಿ ಎರಡು ಬಗೆಯವು ಅಕ್ಕಪಕ್ಕ ಇವೆ. ತಾನಾಗಿ ಉಳಿಸುವ ಅವಧಿ, ಪರದೆಯ ಹಿನ್ನೆಲೆಯ ಬಣ್ಣ ಮುಂತಾದವು ಆ ಗಣಕದ ತಂತ್ರಾಂಶಕ್ಕೆ ಸೇರಿದವು. ಅಣುತೂಕದಂಥವು ತೆರೆದಿರುವ ಕಡತಕ್ಕೆ ಸೇರಿದವು. ಸಹೋದ್ಯೋಗಿಯ ಕಡತವನ್ನು ತೆರೆದಾಗ ಅವರ ಅಣುತೂಕ ಬರುತ್ತದೆ; ಹೊಸ ಕಡತ ತೆರೆದರೆ ಮತ್ತೆ 28. ನಿನ್ನೆ ಹೈಡ್ರೋಜನ್‌ಗೆ ಬದಲಿಸಿದ್ದೆನಲ್ಲ ಎಂಬ ಭರವಸೆ ಹೊಸ ಕಡತಕ್ಕೆ ಸಲ್ಲದು. ಪದೇಪದೇ ಒಂದೇ ಬಗೆಯ ಕೆಲಸ ಮಾಡುವವರು ಅಣುತೂಕ, ಉಷ್ಣತೆ ಸರಿಪಡಿಸಿದ ಒಂದು ಮಾದರಿ ಕಡತವನ್ನು ಇಟ್ಟುಕೊಂಡು ಅದರ ಪ್ರತಿಯಿಂದ ಆರಂಭಿಸುವುದು ಒಳ್ಳೆಯದು.

ಪರೀಕ್ಷಿಸುವುದು ಹೇಗೆ?

ಉದ್ದವೂ ವ್ಯಾಸವೂ ಸಮವಾಗಿರುವ ಕೊಳವೆಯ ಒಂದು ತುದಿಯಿಂದ ಅಣುಗಳನ್ನು ಬಿಟ್ಟರೆ ಇನ್ನೊಂದು ತುದಿಯಿಂದ ಹೊರಬೀಳುವ ಪಾಲು ಸುಮಾರು 0.514. ಕ್ಲೌಸಿಂಗ್ ಎಂಬ ವಿಜ್ಞಾನಿ 1932ರಲ್ಲೇ ಇಂಥ ಮೌಲ್ಯಗಳನ್ನು ಲೆಕ್ಕ ಹಾಕಿ ಪ್ರಕಟಿಸಿದ್ದ. ಎರಡೂ ತುದಿಗೆ ಅಂಟು ಗುಣಾಂಕ 1 ಎಂದಿಟ್ಟು ಈ ಅಂಕಿ ಬರುತ್ತದೆಯೇ ಎಂದು ನೋಡುವುದು ಅಭ್ಯಾಸಿಗಳಿಗೆ ಹೇಳಿಕೊಡುವ ಮೊದಲ ಪರೀಕ್ಷೆ. ಆದರೆ ಈ ಪಾಲು ಆಕಾರವನ್ನಷ್ಟೇ ಅವಲಂಬಿಸಿದೆ. ಅಣುತೂಕ 2 ಇರಲಿ 28 ಇರಲಿ, ಮಿಲಿಮೀಟರ್ ಇರಲಿ ಸೆಂಟಿಮೀಟರ್ ಇರಲಿ, ಉತ್ತರ ಅದೇ. ಮೇಲೆ ಹೇಳಿದ ಯಾವ ತಪ್ಪನ್ನೂ ಇದು ಹಿಡಿಯದು.

ಆ ತಪ್ಪುಗಳನ್ನು ಹಿಡಿಯಲು ಕಾಗದ, ಪೆನ್ಸಿಲು ಸಾಕು. ಒಟ್ಟು ಸೂಸುವಿಕೆಯನ್ನು ಆ ಅನಿಲಕ್ಕೆ ಪಂಪಿನ ನಿಜವಾದ ವೇಗದಿಂದ ಭಾಗಿಸಿದರೆ ಪಂಪಿನ ಬಾಯಿಯ ಸಮೀಪದ ಒತ್ತಡ ಸಿಗುತ್ತದೆ. ಮಾದರಿಯ ಅಂಕಿ ಇದಕ್ಕಿಂತ 3.7 ಪಟ್ಟು ಕಡಿಮೆಯಿದ್ದರೆ ಪಂಪಿನ ವೇಗ ತುಂಬಿದ ಮೇಲೆ ಅಣುತೂಕವನ್ನು ಬದಲಿಸಿರುವ ಸಾಧ್ಯತೆ ಹೆಚ್ಚು. ನೂರರ ಆಸುಪಾಸಿನ ಅಂತರ ಕಂಡರೆ ಆಮದಿನ ಏಕಮಾನವನ್ನು, ಇಲ್ಲವೇ ಕಾಯಿಸಿದ ಉಕ್ಕಿನ ಅಂಕಿಯನ್ನು ಕಾಯಿಸದ ಉಕ್ಕಿಗೆ ತುಂಬಲಾಗಿದೆಯೇ ಎಂಬುದನ್ನು ಮೊದಲು ನೋಡಬೇಕು.