ಕೋಕೋ: ಹೆಸರು ಒಂದೇ, ಮರ ಎರಡು

ಬೆಂಗಳೂರಿನಿಂದ ಅರಸೀಕೆರೆ ಕಡೆಗೆ ಹೊರಟ ರೈಲು ಅಮ್ಮಸಂದ್ರ ದಾಟುವಾಗ ಕಿಟಕಿಯ ಹೊರಗೆ ಕಾಣುವುದು ತೆಂಗಿನ ತೋಟ. ಈ ಸೀಮೆಯಲ್ಲಿ ತೆಂಗಿನ ಮಟ್ಟೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿಯನ್ನು ಇಟ್ಟಿಗೆಯಂತೆ ಒತ್ತಿ ನರ್ಸರಿಗಳಿಗೆ ಮಾರುತ್ತಾರೆ. ಅದರ ಹೆಸರು 'ಕೋಕೋ ಪೀಟ್'. ಮಕ್ಕಳು ತಿನ್ನುವ ಚಾಕೊಲೇಟಿನಲ್ಲಿರುವುದೂ ಕೋಕೋ. ಹಾಗಾದರೆ ಎರಡೂ ಒಂದೆಯೇ?

ಅಲ್ಲ. ಈ ಪುಟ್ಟ ಇಂಗ್ಲಿಷ್ ಪದದ ಹಿಂದೆ ಬೇರೆ ಬೇರೆ ಎರಡು ಮರಗಳಿವೆ. ಜೊತೆಗೆ ನಿಘಂಟಿನ ಒಂದು ಎಡವಟ್ಟೂ ಇದೆ.

ತೆಂಗಿನಕಾಯಿಯನ್ನು ಯುರೋಪಿನವರು ಮೊದಲು 'ಭಾರತದ ಕಾಯಿ' ಎಂದೇ ಕರೆಯುತ್ತಿದ್ದರು. 1498ರಲ್ಲಿ ವಾಸ್ಕೋ ಡ ಗಾಮ ಮಲಬಾರಿಗೆ ಬಂದ ನಂತರ ಪೋರ್ಚುಗೀಸರ 'ಕೋಕೋ' ಎಂಬ ಹೆಸರು ಹಬ್ಬಿತು. ಗೋವೆಯಲ್ಲಿದ್ದ ವೈದ್ಯ ಗಾರ್ಸಿಯ ದ ಓರ್ತ, ಅಲ್ಲೇ 1563ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇದಕ್ಕೆ ಕಾರಣ ಹೇಳಿದ್ದಾನೆ: ಕಾಯಿಯ ಮೂರು ಕಣ್ಣು ಕೋತಿಯ ಮುಖವನ್ನು ಹೋಲುತ್ತವೆ. ಮಕ್ಕಳನ್ನು ಹೆದರಿಸಲು ತಾಯಂದಿರು ಬಳಸುತ್ತಿದ್ದ ಪದವೇ ಅದು ಎಂದು ಇತಿಹಾಸಕಾರ ಬಾರೋಸ್ ಬರೆದ. ಅಂದರೆ ನಮ್ಮ ಗುಮ್ಮ. ಅವರು ಗುಮ್ಮನನ್ನು ಕಂಡ ಅದೇ ಕಾಯಿಯಲ್ಲಿ ನಮ್ಮವರು ಮುಕ್ಕಣ್ಣನನ್ನು ಕಂಡರು ಎಂಬುದು ಸ್ವಾರಸ್ಯಕರ.

ಚಾಕೊಲೇಟಿನ ಕೋಕೋ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಮೆಕ್ಸಿಕೋದ ನಹುವಾಟ್ಲ್ ಭಾಷೆಯ ಪದ ಸ್ಪ್ಯಾನಿಷರ ಬಾಯಲ್ಲಿ 'ಕಕಾವೋ' ಆಯಿತು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ನನ ಪ್ರಸಿದ್ಧ ಇಂಗ್ಲಿಷ್ ನಿಘಂಟು ಪ್ರಕಟವಾದಾಗ ತೆಂಗಿನ ವಿವರಣೆ ಮತ್ತು ಕಕಾವೋದ ವಿವರಣೆ ಒಂದೇ ನಮೂದಿನಲ್ಲಿ ಬೆರೆತುಹೋದವು. ಆ ಬೆರಕೆ ಬಹುಕಾಲ ನಿಂತಿತು. ತೆಂಗಿನಕಾಯಿಗೆ 'ಕೋಕೋವನಟ್' ಎಂಬ ಕಾಗುಣಿತ ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಈಗಲೂ ಕಣ್ಣಿಗೆ ಬೀಳುತ್ತದೆ.

ನಿಘಂಟಿನಲ್ಲಿ ಬೆರೆತ ಎರಡು ಗಿಡಗಳು ಮುಂದೆ ಕರ್ನಾಟಕದ ತೋಟಗಳಲ್ಲೂ ಜೊತೆಯಾದವು. ತೆಂಗು, ಅಡಿಕೆಯ ನೆರಳಿನಲ್ಲಿ ಕೋಕೋ ಉಪಬೆಳೆಯಾಗಿ ಬಂತು. 1986ರಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆಯೂ ಆರಂಭವಾಯಿತು.

ನಿಘಂಟಿನ ಗೊಂದಲಕ್ಕೆ ನಕ್ಕು ಸುಮ್ಮನಾಗಬಹುದು. ಮಾರುಕಟ್ಟೆಯಲ್ಲಿ ಹಾಗಲ್ಲ. ತೆಂಗಿನದೇ ಇನ್ನೊಂದು ಪದ 'ಕೊಪ್ರಾ'ವನ್ನು ನೋಡಿ. ಮಲಯಾಳದ 'ಕೊಪ್ಪರ' ಪೋರ್ಚುಗೀಸರ ಮೂಲಕ ಇಂಗ್ಲಿಷಿಗೆ ಸೇರಿತು. ಅದು ನಮ್ಮ ಕೊಬ್ಬರಿಯ ಬಳಗದ್ದೇ. ಹೊರಜಗತ್ತಿಗೆ ಕೊಪ್ರಾ ಎಂದರೆ ಸಾಮಾನ್ಯವಾಗಿ ಕಾಯಿ ಒಡೆದು ಒಣಗಿಸಿದ, ಗಾಣಕ್ಕೆ ಹೋಗುವ ಎಣ್ಣೆ ಕೊಬ್ಬರಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರಿಗೆ ಕೊಬ್ಬರಿ ಎಂದರೆ ಉಂಡೆ ಕೊಬ್ಬರಿ. ಬಲಿತ ಕಾಯಿ ಹಲವು ತಿಂಗಳು ಅಟ್ಟದ ಮೇಲಿದ್ದು, ಒಳಗಿನ ನೀರು ಇಂಗಿ, ಅಲುಗಾಡಿಸಿದರೆ ಗಿಟುಕು ಸದ್ದು ಮಾಡಬೇಕು. ಅಲ್ಲಿಯವರೆಗೆ ರೈತ ಕಾಯಬೇಕು.

ಕೇಂದ್ರ ಸರ್ಕಾರ ಇವೆರಡಕ್ಕೆ ಪ್ರತ್ಯೇಕ ಬೆಂಬಲ ಬೆಲೆ ಘೋಷಿಸುವುದು ಇದೇ ಕಾರಣಕ್ಕೆ ಗಮನಾರ್ಹ. 2024ರ ಹಂಗಾಮಿಗೆ ಕ್ವಿಂಟಾಲಿಗೆ ಎಣ್ಣೆ ಕೊಬ್ಬರಿಗೆ 11,160 ರೂ., ಉಂಡೆ ಕೊಬ್ಬರಿಗೆ 12,000 ರೂ. ನಿಗದಿಯಾಗಿತ್ತು. ವ್ಯತ್ಯಾಸ 840 ರೂ. ಬರೀ 'ಕೊಪ್ರಾ' ಎಂದಷ್ಟೇ ಓದಿದವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. 'ಉಂಡೆ' ಎಂಬ ಎರಡಕ್ಷರದಲ್ಲಿ ಅಟ್ಟದ ಮೇಲೆ ಕಾದ ಅಷ್ಟೂ ತಿಂಗಳ ಲೆಕ್ಕವಿದೆ.