ಕಾವಲಿನ ನೆಲದಡಿ ಮೇಯುವ ಹಿಂಡು

ಅಮೃತಮಹಲ್ ಕಾವಲು ಎಂದೊಡನೆ ನಿಮ್ಮ ಕಣ್ಣ ಮುಂದೆ ನಿಲ್ಲುವುದು ನೀಳ ಕೊಂಬಿನ ದನಗಳು. ಆದರೆ ಹುಲ್ಲನ್ನು ನೆಲದಡಿಯಿಂದ ಮೇಯುವ ಇನ್ನೊಂದು ಹಿಂಡೂ ಉಂಟು. ಗೊಣ್ಣೆಹುಳು, ನೆಮಟೋಡ್ ಮೊದಲಾದ ಬೇರುಭಕ್ಷಕಗಳೇ ಆ ಹಿಂಡು. ಬರಕ್ಕೆ ಹೆಸರಾದ ಚಳ್ಳಕೆರೆ-ಪರಶುರಾಂಪುರ ಸೀಮೆಯಲ್ಲಿ ಹುಲ್ಲು ಹೇಗೆ ಬಾಳಿತೆಂದು ತಿಳಿಯಲು ಎರಡು ಹಿಂಡುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯೇ ಟಿಪ್ಪುವಿನ ಕಾಲಕ್ಕೆ 'ಅಮೃತಮಹಲ್' ಆಯಿತು. ಸೈನ್ಯದ ಗಾಡಿ, ಫಿರಂಗಿಗಳನ್ನು ಎಳೆಯುವ ಎತ್ತುಗಳನ್ನು ಒದಗಿಸುವುದು ಅದರ ಕೆಲಸ. ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ ಹಿಂಡುಗಳನ್ನು ಋತುವಿಗೆ ತಕ್ಕಂತೆ ಸಾಗಿಸುತ್ತಿದ್ದರು. ಉದ್ದೇಶ ದನಗಳಿಗೆ ಮೇವು, ನೀರು. ಅದರಿಂದ ಬೇರುಗಳಿಗೆ ಸಿಕ್ಕ ಬಿಡುವು ಮಾತ್ರ ಯಾರೂ ಯೋಜಿಸದ ಲಾಭ ಎಂದೇ ನನ್ನ ಅಭಿಪ್ರಾಯ.

ಈ ಬಿಡುವಿನ ಬೆಲೆ ಎಷ್ಟು? ಅಮೆರಿಕದ ಎಫ್. ಜೆ. ಕ್ರೈಡರ್ 1955ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹುಲ್ಲಿನ ಅರ್ಧಕ್ಕಿಂತ ಹೆಚ್ಚು ಎಲೆಭಾಗವನ್ನು ಕತ್ತರಿಸಿದಾಗ ಬೇರಿನ ಬೆಳವಣಿಗೆ ಕೆಲಕಾಲ ನಿಂತೇಹೋಯಿತು. ಅಂಥ ಹೊತ್ತಿನಲ್ಲೇ ಹುಳು ಕೆಳಗಿನಿಂದ ಕಡಿದರೆ, ಮೇಲೆ ದನ ಮೇದದ್ದನ್ನೂ ಕೆಳಗೆ ಹುಳು ತಿಂದದ್ದನ್ನೂ ಗಿಡ ಒಂದೇ ಸಂಗ್ರಹದಿಂದ ತುಂಬಬೇಕು. ಮಳೆ ಕೈಕೊಟ್ಟ ವರ್ಷ ಆ ಸಂಗ್ರಹವೇ ಬರಿದು.

ಹುಳುವಿನಿಂದ ಯಾವಾಗಲೂ ಕೇಡೇ ಆಗುತ್ತದೆಂದು ತಿಳಿಯಬೇಡಿ. 1999ರಲ್ಲಿ ಬ್ರಿಟನ್ನಿನ ರಿಚರ್ಡ್ ಬಾರ್ಡ್‌ಗೆಟ್ ಮತ್ತು ಸಂಗಡಿಗರು ನೈಟ್ರೊಜನ್-15 ಸಮಸ್ಥಾನಿಯನ್ನು ಬಳಸಿ, ಕ್ಲೋವರ್ ಬೇರನ್ನು ನೆಮಟೋಡ್‌ಗಳು ಅಲ್ಪ ಪ್ರಮಾಣದಲ್ಲಿ ತಿಂದಾಗ ಪಕ್ಕದ ಹುಲ್ಲಿಗೆ ಹೆಚ್ಚು ನೈಟ್ರೊಜನ್ ದಾಟುವುದನ್ನು ತೋರಿಸಿದರು. ಹಲವು ಜಾತಿಯ ಗಿಡಗಳು ಕೂಡಿದ್ದರೆ ಒಂದರ ನಷ್ಟ ಇನ್ನೊಂದಕ್ಕೆ ಗೊಬ್ಬರವಾಗಬಹುದು. ಇದಕ್ಕೆ ವ್ಯತಿರಿಕ್ತ ಉದಾಹರಣೆ ನ್ಯೂಜಿಲೆಂಡ್. ಅಲ್ಲಿನ ಮೂಲ ಹುಲ್ಲುಗಳ ಬದಲು ರೈಹುಲ್ಲು, ಕ್ಲೋವರ್‌ಗಳನ್ನಷ್ಟೇ ಬಿತ್ತಿದ ಮೇಲೆ, ಸ್ಥಳೀಯವೇ ಆದ ಕೋಸ್ಟೆಲಿಟ್ರಾ ದುಂಬಿಯ ಮರಿ ದೊಡ್ಡ ಪಿಡುಗಾಯಿತು.

ನಮ್ಮ ಸೀಮೆಯಲ್ಲಿ ಆ ಪಾತ್ರ ಹೊಲೊಟ್ರೈಕಿಯಾ ದುಂಬಿಯದು. ಇಲ್ಲಿ ಬಿತ್ತುವುದು ಹೆಚ್ಚಾಗಿ ಶೇಂಗಾ. ಭೌತವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ, ಹುಲ್ಲಿನ ಜಡೆಬೇರುಗಳು ಸಮಾಂತರವಾಗಿ ಜೋಡಿಸಿದ ವಾಹಕಗಳಂತೆ. ನಾಲ್ಕು ತುಂಡಾದರೂ ಉಳಿದವುಗಳಲ್ಲಿ ನೀರು ಹರಿಯುತ್ತದೆ. ಶೇಂಗಾದ ತಾಯಿಬೇರು ಬಹುಮಟ್ಟಿಗೆ ಒಂಟಿ ತಂತಿ. ಅದು ತುಂಡಾದರೆ ಗಿಡ ಬಾಡುತ್ತದೆ, ಹುಳು ಸಾಲಿನ ಮುಂದಿನ ಗಿಡಕ್ಕೆ ಸಾಗುತ್ತದೆ.

2008-10ರ ಸುಮಾರಿಗೆ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ರಕ್ಷಣಾ, ಅಣು, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಮೇಯಲು ಉಳಿದ ನೆಲ ಕಿರಿದಾದಷ್ಟೂ ಅಲ್ಲಿ ದನಗಳ ಒತ್ತಡ ಹೆಚ್ಚು, ಬೇರಿಗೆ ಬಿಡುವು ಕಡಿಮೆ. ಈ ವಾದದಲ್ಲಿ ವಿಜ್ಞಾನ ಸಂಸ್ಥೆಗಳೂ ಒಂದು ಪಕ್ಷ ಎಂಬುದನ್ನು ನಾವು ಮರೆಮಾಚಬೇಕಿಲ್ಲ.

ಈ ಸೀಮೆಯ ಶಿಕ್ಷಕರೇ, ಮುಂಗಾರಿನ ಮೊದಲ ಹದಮಳೆಯ ಸಂಜೆ ಬೇವು, ಜಾಲಿ ಮರಗಳಿಗೆ ಮುತ್ತುವ ಕಂದು ದುಂಬಿಗಳನ್ನು ಮಕ್ಕಳಿಂದ ಎಣಿಸಿರಿ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕಾವಲಿನ ಅಂಚಿನಲ್ಲೊಂದು, ಒಪ್ಪಿದ ರೈತರ ಶೇಂಗಾ ಹೊಲದಲ್ಲೊಂದು, ಒಂದಡಿ ಉದ್ದ, ಅಗಲ, ಆಳದ ಗುಂಡಿ ತೋಡಿಸಿ ಬಿಳಿ ಹುಳುಗಳನ್ನು ಎಣಿಸಿರಿ. ಪಕ್ಕದಲ್ಲಿ ಬಾಡಿದ ಗಿಡಗಳೆಷ್ಟು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದಿಡಿ. ನೋಡಿದ ಮೇಲೆ ಗುಂಡಿ ಮುಚ್ಚಿರಿ.